ಊರಿನ ರೇಡಿಯೋಗೆ ವಾರಕ್ಕೊಂದು ಸಂಜೆ ಕೊಡಬೇಕಂತೆ, ಕೊಡಲಾ?

ಮಂಡಕ್ಕಿ ಅಕ್ಕ, ದಾವಣಗೆರೆ

ನಮ್ಮದು ಮಂಡಕ್ಕಿ ಭಟ್ಟಿ. ಲೆಕ್ಕ ನಾನು ನೋಡಿಕೊಳ್ಳುತ್ತೇನೆ, ಒಲೆ ಕಡೆ ತಮ್ಮ. ಅಪ್ಪನ ಕಾಲದಿಂದ ಬೆಳಿಗ್ಗೆ ಚಿತ್ರದುರ್ಗ ಆಕಾಶವಾಣಿ 102.6 ಹಾಡುತ್ತಲೇ ಇತ್ತು. ಈಗ ತಮ್ಮ ಫೋನಿಗೆ ಸ್ಪೀಕರ್ ಸಿಕ್ಕಿಸಿ ಯಾವುದೋ ಆ್ಯಪಿನಲ್ಲಿ ಬೆಂಗಳೂರಿನ ಖಾಸಗಿ ಎಫ್‌ಎಂ ಹಾಕುತ್ತಾನೆ. ಹಾಡು ಚೆನ್ನಾಗಿವೆ, ಸುಳ್ಳು ಹೇಳಬಾರದು. ಆದರೆ ಒಲೆ ಮುಂದೆ ಬೆವರು ಸುರಿಸುವ ಹುಡುಗರಿಗೆ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ ಜಾಮ್ ಅಂತ ಹೇಳಿದರೆ ಅವರೇನು ಮಾಡಬೇಕು?

ವಿಷಯ ಏನಂದ್ರೆ, ಗೊತ್ತಿರುವ ಒಂದು ಟ್ರಸ್ಟಿನವರು ಸಮುದಾಯ ರೇಡಿಯೋಗೆ, ಅಂದರೆ ಊರಿನವರೇ ಊರಿಗಾಗಿ ಲಾಭವಿಲ್ಲದೆ ನಡೆಸುವ ಸಣ್ಣ ಸ್ಟೇಷನ್ನಿಗೆ, ಅರ್ಜಿ ಹಾಕುತ್ತಿದ್ದಾರೆ. ಸಂಬಳ ಇಲ್ಲ, ವಾರಕ್ಕೊಂದು ಸಂಜೆ ಬಾ ಅಂತಾರೆ. ತಮ್ಮ ನಗುತ್ತಾನೆ. 2024ರಲ್ಲಿ ಕೇಂದ್ರ 234 ಊರಿಗೆ ಹೊಸ ಖಾಸಗಿ ಎಫ್‌ಎಂ ಹರಾಜಿಗೆ ಒಪ್ಪಿಗೆ ಕೊಟ್ಟಿದೆ, ಪಟ್ಟಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಇವೆ, ದುಡ್ಡಿರುವವರೇ ಬರುವಾಗ ನಿಮ್ಮದೇನು ಅಂತ. ಅನುಭವ ಇರುವವರು ಹೇಳಿ.

ಹಳೇ ಆರ್‌ಜೆ

ಅಕ್ಕ, ನಾನು ಬೇರೆ ಊರಿನ ಖಾಸಗಿ ಸ್ಟೇಷನ್ ಒಂದರಲ್ಲಿ ಐದು ವರ್ಷ ಮಾತಾಡಿದವನು. ನಿಮ್ಮ ತಮ್ಮನಿಗೆ ಹೇಳಿ, ಚಾನೆಲ್ ನಮ್ಮೂರಿಗೆ ಬಂದ ಮಾತ್ರಕ್ಕೆ ನಮ್ಮೂರಿನದಾಗಲ್ಲ.

ಮೊದಲು ಪ್ರತಿ ಊರಿಗೂ ಬೇರೆ ಕಾರ್ಯಕ್ರಮ ಮಾಡಲೇಬೇಕಿತ್ತು, ಸಣ್ಣ ಊರುಗಳಿಗೆ ಸ್ವಲ್ಪ ರಿಯಾಯಿತಿ ಇತ್ತು ಅಷ್ಟೇ. ಕೇಂದ್ರದ 2011ರ ಎಫ್‌ಎಂ ನೀತಿಯಲ್ಲಿ ಒಂದು ಕಂಪನಿ ದೇಶದ ತುಂಬ ಇರುವ ತನ್ನ ಚಾನೆಲ್‌ಗಳನ್ನೆಲ್ಲ ಜೋಡಿಸಿ ಒಂದೇ ಕಾರ್ಯಕ್ರಮ ಹಾಕಬಹುದು ಅಂತ ಆಯಿತು. ಅಲ್ಲಿಗೆ ಮುಗಿಯಿತು. ನಾವು ಆರು ಜನ ಇದ್ದವರು ಇಬ್ಬರಾದೆವು. ರಾತ್ರಿ ಶೋ ಬೇರೆ ಊರಿಂದ ಬರತೊಡಗಿತು. ಕೊನೆಗೆ ನಾನೇ ಮಧ್ಯಾಹ್ನ ಕೂತು, ನಾನು ಕಾಲಿಡದ ಊರಿಗೆ "ನಮಸ್ಕಾರ, ಹೊರಗಡೆ ಎಂಥಾ ಮಳೆ ಅಲ್ವಾ" ಅಂತ ರೆಕಾರ್ಡ್ ಮಾಡಿಟ್ಟು ಮನೆಗೆ ಹೋಗುತ್ತಿದ್ದೆ. ಅಲ್ಲಿ ಅವತ್ತು ಬಿಸಿಲಿತ್ತಂತೆ.

ಇದರಲ್ಲಿ ದುಷ್ಟರು ಯಾರೂ ಇಲ್ಲ. ಲೈಸೆನ್ಸಿಗೆ ಹರಾಜಿನಲ್ಲಿ ದುಡ್ಡು ಸುರಿದವನು ಖರ್ಚು ಉಳಿಸುವುದು ಮೊದಲು ಸಂಬಳದಲ್ಲೇ.

ಸುಮ್ನೆ ಕೇಳ್ತೀನಿ

ಇದಕ್ಕೆಲ್ಲ ವಾಟ್ಸಾಪ್ ಇದೆಯಲ್ಲ? ನಮ್ಮ ವಾರ್ಡಿನ ಗುಂಪಿನಲ್ಲಿ ಕರೆಂಟ್ ಹೋಗೋದು, ನೀರು ಬರೋದು, ಯಾರು ತೀರಿಕೊಂಡರು, ಎಲ್ಲಾ ಐದು ನಿಮಿಷದಲ್ಲಿ ಬರುತ್ತೆ. ರೇಡಿಯೋ ಅನ್ನೋದು ಹಳೇ ಪ್ರೀತಿ ಅಷ್ಟೇ ಅನ್ಸುತ್ತೆ, ಬೇಜಾರಾಗಬೇಡಿ.

ನಾಲೆ ಕೊನೆ, ಮಲೇಬೆನ್ನೂರು ಕಡೆ

ವಾಟ್ಸಾಪ್ ಪುರಾಣ ನನ್ನನ್ನು ಕೇಳಿ ಸ್ವಾಮಿ. ನಾವು ಭದ್ರಾ ನಾಲೆಯ ಕೊನೆ ಭಾಗದವರು. ಬೇಸಿಗೆಯಲ್ಲಿ ಆನ್ ಅಂಡ್ ಆಫ್ ಅಂತ ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಒಂದು ವರ್ಷ ನಮ್ಮ ಗುಂಪಿಗೆ ಹಿಂದಿನ ವರ್ಷದ ವೇಳಾಪಟ್ಟಿಯ ಫೋಟೋ ಯಾರೋ ಫಾರ್ವರ್ಡ್ ಮಾಡಿದರು. ಅದನ್ನೇ ನಂಬಿ ಗೊಬ್ಬರ ಚೆಲ್ಲಿ ಕೂತೆ. ನೀರು ಬರಲಿಲ್ಲ. ಯಾರನ್ನು ಬೈಯಬೇಕು? ಕಳಿಸಿದವನಿಗೇ ಅದು ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ರೇಡಿಯೋದಲ್ಲಿ ಹೆಸರು ಹೇಳಿ ಮಾತಾಡಿದವನನ್ನು ಮಾರನೇ ದಿನ ಸಂತೆಯಲ್ಲಿ ಹಿಡಿದು ಕೇಳಬಹುದು.

ಮತ್ತೆ ಗುಂಪು ಅಂದರೆ ಜಾತಿಗೊಂದು, ಪಕ್ಷಕ್ಕೊಂದು. ನಮ್ಮವ್ವಗೆ ಓದೋಕೆ ಬರಲ್ಲ. ಅವಳು ಶೇಂಗಾ ಸುಲಿಯುತ್ತಾ ಕಿವಿ ಕೊಡುತ್ತಾಳೆ.

ಎರಡು ವರ್ಷ ಮಾಡಿದ್ದೆ

ನಾನು ಮೈಸೂರು ಕಡೆ ಓದುವಾಗ ಒಂದು ಸಮುದಾಯ ರೇಡಿಯೋದಲ್ಲಿ ದುಡಿದಿದ್ದೆ. ಉತ್ಸಾಹಕ್ಕೆ ನೀರೆರಚಬೇಕು ಅಂತಲ್ಲ, ಆದರೆ ಗೊತ್ತಿದ್ದು ಹೋಗಿ.

ಆಂಟೆನಾದಿಂದ ಹೊರಡುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮಿತಿಯಲ್ಲಿ, ಆಂಟೆನಾ ಕಂಬ ಹೆಚ್ಚೆಂದರೆ 30 ಮೀಟರ್. ಬಯಲಾದರೆ ಹತ್ತು-ಹದಿನೈದು ಕಿಲೋಮೀಟರ್ ಕೇಳುತ್ತೆ. ದಾವಣಗೆರೆ ಚಪ್ಪಟೆ ನೆಲ, ಪರವಾಗಿಲ್ಲ. ದುರ್ಗದಲ್ಲಾದರೆ ಬೆಟ್ಟದ ಮರೆಯಲ್ಲಿರುವ ಊರಿಗೆ ಬರೀ ಗೊರಗೊರ. ಹಾಗಾಗಿ ಮಲೇಬೆನ್ನೂರಿನ ಅಣ್ಣಾ, ದಾವಣಗೆರೆಯಲ್ಲಿ ಶುರುವಾದರೆ ನಿಮ್ಮ ಅವ್ವನ ತನಕ ಅದು ಬರಲ್ಲ. ನಿಮ್ಮ ಕಡೆಯೇ ಇನ್ನೊಂದು ಆಗಬೇಕು. ಕೃಷಿ ವಿಜ್ಞಾನ ಕೇಂದ್ರ, ಕಾಲೇಜು, ಲಾಭಕ್ಕಲ್ಲದ ಸಂಸ್ಥೆ ಅರ್ಜಿ ಹಾಕಬಹುದು. ಒಬ್ಬ ವ್ಯಕ್ತಿಗೋ ಪಕ್ಷಕ್ಕೋ ಕೊಡಲ್ಲ. ಕನಿಷ್ಠ ಅರ್ಧ ಕಾರ್ಯಕ್ರಮ ಅಲ್ಲಿಯೇ ತಯಾರಾಗಬೇಕು ಅಂತ ನಿಯಮವೇ ಇದೆ, ಖಾಸಗಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು.

ಮುಖ್ಯವಾದ ತೊಡಕು ಸುದ್ದಿ. ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯದನ್ನೇ ಮರುಪ್ರಸಾರ ಮಾಡಬೇಕು. ಹವಾಮಾನ, ಜಾತ್ರೆ, ಪರೀಕ್ಷೆ ಫಲಿತಾಂಶ, ಕರೆಂಟ್, ಆಡಳಿತದವರು ಕೊಟ್ಟ ನೀರಿನ ಪ್ರಕಟಣೆ ಇವೆಲ್ಲ ಸುದ್ದಿಯ ಲೆಕ್ಕಕ್ಕೆ ಬರಲ್ಲ. ಅಂದರೆ ನಾಲೆಗೆ ನೀರು ಯಾವತ್ತು ಅಂತ ಹೇಳಬಹುದು. ಯಾಕೆ ಬರಲಿಲ್ಲ ಅಂತ ಕೇಳಿದರೆ ಅದು ಸುದ್ದಿಯಾಗಿಬಿಡಬಹುದು! ನಾವು ಇಂಥ ಕಡೆ ಅಧಿಕಾರಿಯನ್ನೇ ಕರೆಸಿ "ರೈತರ ಸಂದೇಹ, ಪರಿಹಾರ" ಅಂತ ಹೆಸರಿಟ್ಟು ಕೂರಿಸುತ್ತಿದ್ದೆವು. ಸ್ವಲ್ಪ ಕಳ್ಳಾಟ, ಒಪ್ಪಿಕೊಳ್ಳುತ್ತೇನೆ.

ದುಡ್ಡಿನ ವಿಷಯಕ್ಕೆ, ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಮೊದಲು ಏಳಿತ್ತು. ಆದರೂ ನಮ್ಮ ಕೈ ಕಟ್ಟಿದ್ದು ದುಡ್ಡಲ್ಲ, ಜನ. ಮೊದಲ ತಿಂಗಳು ಇಪ್ಪತ್ತು ಮಂದಿ, ಎಲ್ಲರಿಗೂ ಮೈಕ್ ಬೇಕು. ಆರು ತಿಂಗಳಿಗೆ ನಾಲ್ಕು ಮಂದಿ. ರೆಕಾರ್ಡಿಂಗ್ ಕತ್ತರಿಸಿ ಜೋಡಿಸುವುದು, ಯುಪಿಎಸ್ ಬ್ಯಾಟರಿಗೆ ನೀರು ಹಾಕುವುದು, ಮಾತಾಡಲು ಒಪ್ಪಿ ಬಾರದೆ ಹೋದವರಿಗೆ ಫೋನ್ ಮಾಡುವುದು, ಇದಕ್ಕೆ ಯಾರೂ ಸಿಗಲ್ಲ. ಟ್ರಸ್ಟಿನವರನ್ನು ಇದೊಂದು ಕೇಳಿ: ಸಂಬಳಕ್ಕೆ ಒಬ್ಬರಾದರೂ ಇದ್ದಾರಾ? ಇಲ್ಲ ಅಂದರೆ ನಾನಾದರೆ ಹೋಗಲ್ಲ.

ಹಳೇ ಆರ್‌ಜೆ

ನಿಜ. ಆದರೆ ಒಂದು ಮಾತು. ನಮ್ಮ ನಾಡಿನಲ್ಲಿ ರೇಡಿಯೋ ಶುರುವಾದದ್ದೇ ಹೀಗೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಮಾಡಿದರು, ಆಕಾಶವಾಣಿ ಅನ್ನುವ ಹೆಸರು ಬಂದದ್ದು ಆ ಮನೆಯಿಂದ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಲೈಸೆನ್ಸ್ ಸಿಗದ ಕಾಲದಲ್ಲಿ, 2003ರ ಹೊತ್ತಿಗೆ, "ನಮ್ಮ ಧ್ವನಿ" ಅನ್ನುವ ಸಮುದಾಯ ರೇಡಿಯೋದವರು ಕೇಬಲ್ ತಂತಿಯಲ್ಲೇ ಮನೆಮನೆಗೆ ಕೇಳಿಸಿದರು. ಹಳ್ಳಿಗಳ ಸಂಸ್ಥೆಗಳಿಗೆ ಅನುಮತಿ ಸಿಕ್ಕಿದ್ದು 2006ರಲ್ಲಿ.

ಸುಮ್ನೆ ಕೇಳ್ತೀನಿ

ಗೊಬ್ಬರದ ಕಥೆ ಕೇಳಿ ಸ್ವಲ್ಪ ಮೆತ್ತಗಾದೆ. ಆದರೂ ನಮ್ಮ ಮನೆಯಲ್ಲಿ ರೇಡಿಯೋನೇ ಇಲ್ಲ.

ಮಂಡಕ್ಕಿ ಅಕ್ಕ, ದಾವಣಗೆರೆ

ಕೇಳಿದೆ. ಒಬ್ಬ ಹುಡುಗಿಗೆ ತಿಂಗಳ ಸಂಬಳ ಅಂತ ತೆಗೆದಿಟ್ಟಿದ್ದಾರಂತೆ. ಬುಧವಾರ ಸಂಜೆ ಬರುತ್ತೇನೆ, ಮೈಕ್ ಬೇಡ, ಲೆಕ್ಕ ಮತ್ತು ಫೋನ್ ಮಾಡೋ ಕೆಲಸ ಕೊಡಿ ಅಂದೆ. ಅವರಿಗೇ ಆಶ್ಚರ್ಯ. ಲೈಸೆನ್ಸ್ ಬರುವ ತನಕ ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಅಂತಾರೆ, ಮೊದಲನೆಯದು ನಮ್ಮ ಭಟ್ಟಿ ಹುಡುಗರದ್ದೇ ಅಂತೆ. ಫೋನಿನಲ್ಲಿ ಮಾಡಿದರೆ ಆ ಸದ್ದಿನಲ್ಲಿ ಮಾತು ಕೇಳಿಸುತ್ತಾ?

ಎರಡು ವರ್ಷ ಮಾಡಿದ್ದೆ

ಹೊರಗೆ ಗೋಡೆ ಮರೆಯಲ್ಲಿ ಕೂರಿಸಿ ಅಕ್ಕ, ಫೋನ್ ಗಲ್ಲದಿಂದ ಒಂದು ಗೇಣು ದೂರ. ಒಳಗಿನ ಸದ್ದು ಬೇರೆಯಾಗಿ ಒಂದು ನಿಮಿಷ ಹಿಡಿದುಕೊಳ್ಳಿ, ಆಮೇಲೆ ಮಾತಿನ ಹಿಂದೆ ಸಣ್ಣಗೆ ಸೇರಿಸಬಹುದು. ಸ್ಪೀಕರ್ ಮಾತ್ರ ಆರಿಸಿ, ಇಲ್ಲದಿದ್ದರೆ ಸಿಲ್ಕ್ ಬೋರ್ಡ್ ಕೂಡ ಬಂದುಬಿಡುತ್ತೆ.