ಮಲ್ಚಿಂಗ್ ಶೀಟ್, ಡ್ರಿಪ್ ಪೈಪ್ ಮರುಬಳಕೆ ಘಟಕಕ್ಕೆ ಯಾವ ಯಂತ್ರ ಕೊಳ್ಳಬೇಕು? ಅನುಭವ ಇರುವವರು ಹೇಳಿ

ಮಾಲೂರಿನಿಂದ, ಹೊಸಬ
ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ, ದಪ್ಪಮೆಣಸಿನಕಾಯಿ ಬೆಳೆ ಮುಗಿದ ಮೇಲೆ ಮಲ್ಚಿಂಗ್ ಶೀಟನ್ನು (ಮಣ್ಣಿಗೆ ಹೊದಿಸುವ ತೆಳು ಪ್ಲಾಸ್ಟಿಕ್) ಬದುವಿನಲ್ಲೇ ಸುಡುತ್ತಾರೆ. ಅದನ್ನೂ ಹಳೆಯ ಡ್ರಿಪ್ ಪೈಪನ್ನೂ ಕೊಂಡು, ಕರಗಿಸಿ ದಾಣಾ (ಪ್ಲಾಸ್ಟಿಕ್ ಕಾಳು) ಮಾಡುವ ಯೋಚನೆ ಇದೆ. ಕೈಯಲ್ಲಿರುವುದು, ಸಾಲವೂ ಸೇರಿ, 40 ಲಕ್ಷ. ರಾಜ್‌ಕೋಟ್‌ನವರು ದಾಣಾ ಮಾಡುವ ಹೊಸ ಲೈನ್‌ಗೆ (ಯಂತ್ರಗಳ ಸಾಲು) 27 ಲಕ್ಷ ಹೇಳುತ್ತಿದ್ದಾರೆ. ಅಂಥದ್ದೇ ಹಳೆಯದು 11 ಲಕ್ಷಕ್ಕೆ ಸಿಗುತ್ತದೆ. ಯಾವುದು ಲೇಸು? ತೊಳೆಯುವ ಯಂತ್ರವನ್ನು ಮುಂದಿನ ವರ್ಷಕ್ಕೆ ಬಿಡಬಹುದೇ?

ತುಮಕೂರು, ಎಲ್‌ಡಿ ದಾಣಾ
ಹಳೆಯ ಯಂತ್ರದ ಹೊಸ ಬಣ್ಣ ನೋಡಿ ಮರುಳಾಗಬೇಡಿ. ನಾನು ಕೊಂಡದ್ದು ಮದರ್-ಬೇಬಿ ಯಂತ್ರ, ಅಂದರೆ ಒಂದರ ಹಿಂದೊಂದು ಎರಡು ಎಕ್ಸ್‌ಟ್ರೂಡರ್ (ಪ್ಲಾಸ್ಟಿಕ್ ಕರಗಿಸಿ ಹೊರತಳ್ಳುವ ಯಂತ್ರ). ಬ್ಯಾರೆಲ್ ಎಂಬ ಬಿಸಿ ಕೊಳವೆಯಲ್ಲಿ ತಿರುಗಿ ಮಾಲು ತಳ್ಳುವ ಸ್ಕ್ರೂ 100 ಎಂಎಂನದು. ಬೆಲೆ 9,40,000. ಲಾರಿಗೆ 62,000, ಇಳಿಸಿದ ಕ್ರೇನಿಗೆ 14,000, ಅಡಿಪಾಯಕ್ಕೆ 38,000. ತೋರಿಸುವ ದಿನ ದಲ್ಲಾಳಿ ಹಾಕಿದ್ದು ಕಾರ್ಖಾನೆಯ ಒಣ, ಶುದ್ಧ ಎಲ್‌ಡಿ (ಮೆತ್ತನೆಯ ಪಾಲಿಎಥಿಲೀನ್) ತುಂಡು. ದಾಣಾ ಮುತ್ತಿನಂತೆ ಉದುರಿತು. ನಮ್ಮ ಶೆಡ್‌ನಲ್ಲಿ ಮಣ್ಣಿನ ಮಾಲು ಹಾಕಿದಾಗ ಮೋಟರ್ ಪೂರ್ತಿ ಆಂಪಿಯರ್ ಎಳೆಯುತ್ತಿತ್ತು, ಡೈಯಲ್ಲಿ (ಮಾಲು ಹೊರಬರುವ ತೂತಿನ ಅಚ್ಚು) ಮಾತ್ರ ಅರ್ಧ ಮಾಲೂ ಬರುತ್ತಿರಲಿಲ್ಲ. ಸ್ಕ್ರೂ ಹೊರಗೆಳೆದು ಅಳೆಸಿದರೆ, ಬ್ಯಾರೆಲ್‌ಗೂ ಸ್ಕ್ರೂವಿನ ಸುರುಳಿ ಅಂಚಿಗೂ ನಡುವೆ ಒಂದೂವರೆ ಮಿಲಿಮೀಟರ್ ಸಂದು! ಕರಗಿದ ಮಾಲು ಮುಂದೆ ಹೋಗದೆ ಆ ಸಂದಿನಲ್ಲಿ ಹಿಂದಕ್ಕೆ ಜಾರುತ್ತಿತ್ತು. ನೈಟ್ರೈಡ್ ಮಾಡಿಸಿ ಮೇಲ್ಮೈ ಗಟ್ಟಿಗೊಳಿಸಿದ ಹೊಸ ಸ್ಕ್ರೂ, ಬ್ಯಾರೆಲ್ 2,35,000. ಗೇರ್‌ಬಾಕ್ಸ್ ಬೇರಿಂಗ್ 48,000. ಹೀಟರ್ ಪಟ್ಟಿ, ವೈರಿಂಗ್, ಪ್ಯಾನೆಲ್ 71,500. ಇಷ್ಟು ಹೊತ್ತಿಗೆ ಕೂಲಿಯವರು ಬೇರೆ ಕಡೆ ಹೋಗಿದ್ದರು. ದಲ್ಲಾಳಿ ಇಂದಿಗೂ ಫೋನ್ ಎತ್ತುವುದಿಲ್ಲ. ಸ್ಕ್ರೂ ಹೊರಗೆ ತೆಗೆದು ತೋರಿಸದವನಿಗೆ ಮುಂಗಡ ಕೊಡಬಾರದು, ಅಷ್ಟೇ.

ದಾಬಸ್‌ಪೇಟೆ ಕಡೆಯವನು
ಇಂಥ ಯಂತ್ರ ಕೊಂಡವರೇ ಮಾರುಕಟ್ಟೆಗೆ ಗುಳ್ಳೆ ತುಂಬಿದ ದಾಣಾ ಬಿಟ್ಟು ದರ ಕೆಡಿಸಿದ್ದಾರೆ. ಹಳೆಯ ಯಂತ್ರಕ್ಕೆ ನನ್ನ ಬ್ಯಾಂಕ್ ಒಂದು ರೂಪಾಯಿ ಸಾಲ ಕೊಡಲು ಒಪ್ಪಲಿಲ್ಲ. ಹೊಸದನ್ನೇ ಪಿಎಂಇಜಿಪಿ (ಸ್ವಂತ ಉದ್ಯಮಕ್ಕೆ ಸಹಾಯಧನ ಸಹಿತ ಸಾಲ ಕೊಡಿಸುವ ಕೇಂದ್ರದ) ಯೋಜನೆಯಲ್ಲಿ ಹಾಕಿದೆ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗೆ ಅವಕಾಶವಿದೆ. ಸಹಾಯಧನ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ. ಅದನ್ನು ನಂಬಿ ಮಾಲು ಕೊಳ್ಳಲು ಹೊರಟವರು ಮುಳುಗುತ್ತಾರೆ.

ತೊಳೆಯುವ ಯಂತ್ರವನ್ನು ಮುಂದಿನ ವರ್ಷಕ್ಕೆ ಬಿಡುವ ಮಾತು ಓದಿ ನನಗೆ ಸಿಟ್ಟೇ ಬಂತು. ಹೊಲದಿಂದ ಬಂದ ಶೀಟು ನೂರು ಕಿಲೋ ತೂಗಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣು, ಬೇರು, ತೇವ. ಆ ಮರಳು ಸ್ಕ್ರೂವನ್ನು ಅರ ಹಾಕಿ ಉಜ್ಜಿದ ಹಾಗೆ ತಿನ್ನುತ್ತದೆ. ನಾನು ಎಕ್ಸ್‌ಟ್ರೂಡರ್‌ಗಿಂತ ಹೆಚ್ಚು ಹಣ ಹಾಕಿದ್ದು ತೊಳೆಯುವುದಕ್ಕೆ: ಮೊದಲು ಮಣ್ಣು ಉದುರಿಸುವ ಜರಡಿ ಡ್ರಮ್, ಆಮೇಲೆ ನೀರಿನಲ್ಲಿ ಓಡುವ ಗ್ರೈಂಡರ್, ಉಜ್ಜಿ ತೊಳೆಯುವ ಫ್ರಿಕ್ಷನ್ ವಾಷರ್, ತೇಲಿಸುವ ತೊಟ್ಟಿ. ಪಾಲಿಎಥಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ಮಣ್ಣು, ಕಲ್ಲು, ಪಿವಿಸಿ ಚೂರು ತಳ ಸೇರುತ್ತವೆ. ಎಲ್ಲಕ್ಕಿಂತ ದುಬಾರಿಯಾದದ್ದು ನೀರು ಹಿಂಡಿ ತೆಗೆಯುವ ಸ್ಕ್ವೀಜರ್, ಅದೊಂದೇ 8,60,000. ತೆಳು ಶೀಟು ತೊಳೆದ ಮೇಲೆ ಒದ್ದೆ ಬಟ್ಟೆಯಂತೆ ನೀರು ಹಿಡಿದುಕೊಳ್ಳುತ್ತದೆ, ಮಾಮೂಲಿ ತಿರುಗುವ ಡ್ರೈಯರ್ ಸಾಲದು. ನೀರು ಉಳಿದರೆ ಬ್ಯಾರೆಲ್‌ನಲ್ಲಿ ಆವಿಯಾಗಿ, ಡೈಯಿಂದ ಹೊರಬರುವ ಪ್ಲಾಸ್ಟಿಕ್ ಎಳೆ ತುಂಡಾಗುತ್ತಲೇ ಇರುತ್ತದೆ. ನನ್ನ ಎಳೆ ತುಂಡಾಗುವುದಿಲ್ಲ. ಯಾರು ಬೇಕಾದರೂ ಬಂದು ನೋಡಬಹುದು.

ತುಮಕೂರು, ಎಲ್‌ಡಿ ದಾಣಾ
ದಾಬಸ್‌ಪೇಟೆಯವರೇ, ಮಾರುಕಟ್ಟೆ ಕೆಡಿಸಿದ್ದು ನಾವಲ್ಲ. ಸ್ಕ್ರೂ ಬದಲಿಸಿದ ಮೇಲೆ ನನ್ನ ದಾಣಾ ಪೈಪ್ ಕಾರ್ಖಾನೆಗೆ ಹೋಗುತ್ತಿದೆ, ಒಂದು ಚೀಲವೂ ವಾಪಸ್ಸು ಬಂದಿಲ್ಲ. ನಿಮ್ಮ ಕಂತು ಎಷ್ಟು ಎಂದು ಬರೆಯಿರಿ. ಕಚ್ಚಾ ತೈಲದ ಬೆಲೆ ಇಳಿದು ಅದರಿಂದ ಮಾಡುವ ಹೊಸ ದಾಣಾ ಅಗ್ಗವಾದಾಗ ನಮ್ಮ ದಾಣಾ ಕೇಳುವವರು ಇರುವುದಿಲ್ಲ. ಆಗ ನಾನು ಯಂತ್ರ ನಿಲ್ಲಿಸಿ ಕೂರಬಲ್ಲೆ. ನೀವು?

ನಾಯಂಡಹಳ್ಳಿ, ಗ್ರೈಂಡಿಂಗ್
ಇಬ್ಬರೂ ಎಕ್ಸ್‌ಟ್ರೂಡರ್ ಇಲ್ಲದೆ ಬದುಕೇ ಇಲ್ಲ ಎನ್ನುವಂತೆ ಬರೆಯುತ್ತಿದ್ದೀರಿ. ನಮ್ಮ ತಂದೆಯ ಕಾಲದಿಂದ ನಾವು ಮಾಡುತ್ತಿರುವುದು ವಿಂಗಡಣೆ, ಗ್ರೈಂಡಿಂಗ್, ತೊಳೆತ, ಮಾರಾಟ. ದಾಣಾ ಯಂತ್ರ ಇಟ್ಟಿಲ್ಲ, ಇಡುವುದೂ ಇಲ್ಲ. ಡ್ರಿಪ್ ಪೈಪ್ ಕತ್ತರಿಸಿ ಚಿಪ್ಸ್ ಮಾಡಿದರೆ ದಾಣಾ ಮಾಡುವವರೇ ಬಾಗಿಲಿಗೆ ಬರುತ್ತಾರೆ. 30 ಎಚ್‌ಪಿ ಗ್ರೈಂಡರ್, ಡಿ2 ಎಂಬ ಗಟ್ಟಿ ಉಕ್ಕಿನ ಬ್ಲೇಡ್ ಎರಡು ಜೊತೆ. ಒಂದು ಓಡುತ್ತಿರುವಾಗ ಇನ್ನೊಂದು ಸಾಣೆಗೆ. ಅಗ್ಗದ ಬ್ಲೇಡ್ ಹಾಕಿದ ನಮ್ಮ ಪಕ್ಕದವರು ಪೈಪಿನೊಳಗೆ ಉಳಿದಿದ್ದ ಕಬ್ಬಿಣದ ತಂತಿಗೆ ಸಿಕ್ಕಿ ಒಂದೇ ಪಾಳಿಯಲ್ಲಿ ಇಡೀ ಜೊತೆ ಕಳೆದುಕೊಂಡರು. ವಿಂಗಡಿಸುವ ಹೆಂಗಸರಿಗೆ ಒಳ್ಳೆಯ ಕೂಲಿ ಕೊಡಿ. ಪೈಪನ್ನು ಬಗ್ಗಿಸಿ, ಉಗುರಿನಲ್ಲಿ ಗೀರಿ ಇದು ಎಚ್‌ಡಿ (ಗಟ್ಟಿ ಪಾಲಿಎಥಿಲೀನ್), ಇದು ಪಿಪಿ (ಪಾಲಿಪ್ರೊಪಿಲೀನ್) ಎಂದು ಹೇಳುವ ಅವರ ಕೈಗೆ ಸಮನಾದ ಯಂತ್ರ ನಿಮ್ಮ 40 ಲಕ್ಷಕ್ಕೆ ಸಿಗುವುದಿಲ್ಲ.

ಇನ್ನೊಂದು. ದಾಣಾದವರು ಕರಗಿದ ಮಾಲು ಸೋಸುವ ಜಾಲರಿ ಸುಡುವುದನ್ನು ಮೊದಲು ನಿಲ್ಲಿಸಲಿ. ಕಟ್ಟಿಕೊಂಡ ಜಾಲರಿಯನ್ನು ಹಿತ್ತಲಲ್ಲಿ ಸುಟ್ಟು ಮತ್ತೆ ಹಾಕುತ್ತಾರೆ. ಆ ಹೊಗೆಗೆ ನಮ್ಮ ಬೀದಿಯೆಲ್ಲ ಕೆಮ್ಮುತ್ತದೆ, ದೂರು ಬಂದರೆ ಬೀಗ ಬೀಳುವುದು ಎಲ್ಲರ ಶೆಡ್‌ಗೂ.

ತುಮಕೂರು, ಎಲ್‌ಡಿ ದಾಣಾ
ನಾನು ಜಾಲರಿ ಸುಡುವುದಿಲ್ಲ, ಗುಜರಿಗೆ ಹಾಕುತ್ತೇನೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಿಮ್ಮ ಚಿಪ್ಸ್‌ನಲ್ಲಿ ಬರುವ ಮಣ್ಣಿನಿಂದಲೇ ನನ್ನ ಜಾಲರಿ ಗಂಟೆಗೊಮ್ಮೆ ಕಟ್ಟಿಕೊಳ್ಳುವುದು.

ನಾಯಂಡಹಳ್ಳಿ, ಗ್ರೈಂಡಿಂಗ್
ನನ್ನ ಮಾಲನ್ನು ನೀವು ಯಾವತ್ತೂ ಕೊಂಡಿಲ್ಲ. ಕಾಣದ ಮಾಲಿಗೆ ಕೆಟ್ಟ ಹೆಸರು ಕೊಡಬೇಡಿ.

ಮೈಸೂರು, ಪೆಟ್ ಫ್ಲೇಕ್ಸ್
ನಾನೂ ನನ್ನ ತಂಗಿಯೂ ಪೆಟ್ ಪ್ಲಾಸ್ಟಿಕ್‌ನ ಬಾಟಲಿಗಳನ್ನು ಚೂರು (ಫ್ಲೇಕ್ಸ್) ಮಾಡುವ ಘಟಕ ನಡೆಸುತ್ತೇವೆ. ಪೆಟ್‌ನ ಕಷ್ಟ ಬೇರೆ: ಪಿವಿಸಿ ಲೇಬಲ್ಲೂ ಪೆಟ್ಟೂ ಎರಡೂ ನೀರಿನಲ್ಲಿ ಮುಳುಗುತ್ತವೆ, ತೊಟ್ಟಿ ಬೇರ್ಪಡಿಸುವುದಿಲ್ಲ. ಪೆಟ್ ಕರಗುವ ಬಿಸಿಗೆ ಪಿವಿಸಿ ಸುಟ್ಟು ಕಪ್ಪು ಚುಕ್ಕೆಯಾಗುತ್ತದೆ. ಆ ಚುಕ್ಕೆಗಾಗಿ ಒಂದು ಲಾರಿ ಮಾಲನ್ನೇ ತಿರಸ್ಕರಿಸಿದರು, ಹೋಗಿ ಬರುವ ಬಾಡಿಗೆ 41,000 ನಮ್ಮ ತಲೆಗೇ ಬಂತು.

ಮೇಲೆ ಯಾರೂ ನೀರಿನ ಲೆಕ್ಕ ಬರೆದಿಲ್ಲ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ಅಣ್ಣಂದಿರೇ? ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ ಸಿಗುವ ಮೊದಲೇ ಯಂತ್ರಕ್ಕೆ ಮುಂಗಡ ಕೊಟ್ಟವರು ಶೆಡ್‌ನಲ್ಲಿ ಯಂತ್ರಕ್ಕೆ ಟಾರ್ಪಾಲು ಹೊದಿಸಿ ಕಾಯುವುದನ್ನು ನೋಡಿದ್ದೇನೆ. ಕೊಳೆಯನ್ನು ತಳಕ್ಕೆ ಇಳಿಸುವ ತೊಟ್ಟಿ, ಫಿಲ್ಟರ್, ಪಂಪ್ ಸೇರಿ ನಮಗೆ 6,15,000 ಆಯಿತು. ಅದೇ ನೀರನ್ನು ಮತ್ತೆ ಮತ್ತೆ ಬಳಸುತ್ತೇವೆ. ಕೋಲಾರದಲ್ಲಿ ಬೋರ್‌ವೆಲ್ ನಂಬಿ ಮಣ್ಣು ತೊಳೆಯಲು ಹೊರಡುವವರು ಇದನ್ನು ಎರಡು ಸಲ ಓದಲಿ. ಇನ್ನು ತೆರಿಗೆ: 2021ರ ಅಕ್ಟೋಬರ್‌ನಲ್ಲಿ ಪ್ಲಾಸ್ಟಿಕ್ ತ್ಯಾಜ್ಯದ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ಬಿಲ್ ಇಲ್ಲದೆ ಗುಜರಿಯವರಿಂದ ಕೊಂಡರೆ ಹೂಡುವಳಿ ತೆರಿಗೆ (ಕೊಳ್ಳುವಾಗಿನ ತೆರಿಗೆ) ವಾಪಸ್ಸು ಸಿಗದು, ಮಾರುವಾಗ ಮಾತ್ರ ಪೂರ್ತಿ ಕಟ್ಟಬೇಕು.

ನಾಯಂಡಹಳ್ಳಿ, ಗ್ರೈಂಡಿಂಗ್
ಮೇಡಂ, ಚಿಂದಿ ಆಯುವವರು ಬಿಲ್ ಎಲ್ಲಿಂದ ತರಬೇಕು? ಅವರ ಕೈಯಿಂದ ಬರದ ಮಾಲು ನಿಮ್ಮ ಘಟಕದಲ್ಲಿ ಎಷ್ಟಿದೆ?

ಮೈಸೂರು, ಪೆಟ್ ಫ್ಲೇಕ್ಸ್
ಅವರನ್ನು ನಾನು ದೂರಲಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರಿಗೂ ತೂಕದ ಚೀಟಿ ಕೊಟ್ಟು ಖಾತೆಗೇ ಹಣ ಹಾಕುತ್ತೇವೆ. ತೆರಿಗೆಯ ಹೊರೆ ಯಾರ ಮೇಲೆ ಬೀಳುತ್ತದೆ ಎಂದಷ್ಟೇ ಹೇಳಿದೆ.

ಮಾಲೂರಿನಿಂದ, ಹೊಸಬ
ಎಲ್ಲರಿಗೂ ನಮಸ್ಕಾರ. ಹಾಗಾದರೆ ಮೊದಲು ಡ್ರಿಪ್ ಪೈಪ್ ಗ್ರೈಂಡಿಂಗ್ ಮಾತ್ರ ಶುರು ಮಾಡಿ, ಮಲ್ಚಿಂಗ್ ಶೀಟನ್ನು ಆಮೇಲೆ ನೋಡಲೇ?

ದಾಬಸ್‌ಪೇಟೆ ಕಡೆಯವನು
ಪೈಪಿಗೆ ಈಗಾಗಲೇ ಹತ್ತು ಜನ ಕೊಳ್ಳುವವರಿದ್ದಾರೆ, ದರದಲ್ಲಿ ಏನೂ ಉಳಿಯದು. ಶೀಟಿಗೆ ಯಾರೂ ಇಲ್ಲ, ಅದಕ್ಕೇ ರೈತರು ಸುಡುತ್ತಿದ್ದಾರೆ. ತುಮಕೂರಿನವರು ನನ್ನ ಕಂತು ಕೇಳಿದ್ದರು: ತಿಂಗಳಿಗೆ 58,300. ಒಂದು ಕಿಲೋ ದಾಣಾಕ್ಕೆ ನಿಮ್ಮಲ್ಲಿ ಎಷ್ಟು ಯೂನಿಟ್ ವಿದ್ಯುತ್ ಹೋಗುತ್ತದೆ, ಅದನ್ನು ನೀವೂ ಬರೆಯಿರಿ.

ತುಮಕೂರು, ಎಲ್‌ಡಿ ದಾಣಾ
ತೊಳೆಯುವುದನ್ನೂ ಸೇರಿಸಿಯೋ, ಎಕ್ಸ್‌ಟ್ರೂಡರ್ ಒಂದರದ್ದೋ? ಮೊದಲು ಅದನ್ನು ಸರಿಯಾಗಿ ಕೇಳಿ, ಆಮೇಲೆ ಮೀಟರ್ ಫೋಟೋ ಸಹಿತ ಹಾಕುತ್ತೇನೆ.