ಮ್ಯಾಕ್ರೊ ಲೆನ್ಸ್‌ಗೆ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದ ಮ್ಯಾಲ ಚಿತ್ರ ಮಸುಕು, ಪರದೆ ಮ್ಯಾಲ ಎಫ್ 00

ತೊಗರಿ ಹೊಲ, ಆಳಂದ:
ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಹತ್ರ ಕ್ಯಾನನ್ ಎಪಿಎಸ್-ಸಿ (ಸಣ್ಣ ಸೆನ್ಸರಿನ) ಡಿಎಸ್‌ಎಲ್‌ಆರ್ ಕ್ಯಾಮೆರಾ, 100 ಎಂಎಂ ಎಫ್ 2.8 ಯುಎಸ್‌ಎಂ ಮ್ಯಾಕ್ರೊ ಲೆನ್ಸ್ ಅದ. ನಮ್ಮ ತೊಗರಿ ಈಗ ಹೂವಿಗೆ ಬಂದದ. ಕಾಯಿಕೊರಕದ ಮೊಟ್ಟಿ ಮೊಗ್ಗಿನ ಮ್ಯಾಲ ಹ್ಯಾಂಗ ಕೂತಿರ್ತದ ಅಂತ ಊರಿನ ರೈತರಿಗೆ ದೊಡ್ಡದು ಮಾಡಿ ತೋರಿಸಬೇಕಾಗ್ಯದ. ಹುಳ ಕಾಯಿ ಕೊರದ ಮ್ಯಾಲೇ ಎಲ್ಲಾರೂ ಔಷಧದ ಅಂಗಡಿಗೆ ಓಡ್ತಾರ. ಮೊಟ್ಟಿ ಇದ್ದಾಗ್ಲೇ ಗುರ್ತು ಹಿಡದ್ರ ಮೂರ್ನಾಕು ದಿನ ಮೊದಲೇ ಎಚ್ಚರ ಆಗಬಹುದು.

ಆದ್ರ ಮೊಟ್ಟಿ ಬರೇ ಅರ್ಧ ಮಿಲಿಮೀಟರ್. ಲೆನ್ಸ್ 1:1ಕ್ಕ, ಅಂದ್ರ ವಸ್ತು ಇದ್ದಷ್ಟೇ ದೊಡ್ಡದಾಗಿ ಸೆನ್ಸರಿನ ಮ್ಯಾಲ ಬೀಳೋ ಹಂಗ, ತಂದ್ರೂ ಚಿತ್ರದ ಅಗಲದಾಗ 45ರಾಗ ಒಂದು ಪಾಲು ಅಷ್ಟೇ. ಅದಕ್ಕ ಕ್ಯಾಮೆರಾ, ಲೆನ್ಸ್ ನಡುವೆ ಹಾಕೋ ಖಾಲಿ ಬಳಿ, ಅಂದ್ರ 12, 20, 36 ಎಂಎಂ ಎಕ್ಸ್‌ಟೆನ್ಶನ್ ಟ್ಯೂಬಿನ ಅಗ್ಗದ ಸೆಟ್ ತರಿಸಿ ಮೂರೂ ಹಾಕೀನಿ. ಈಗ ಪರದೆ ಮ್ಯಾಲ ಎಫ್ 00 ಬರ್ಲಾಕತ್ತದ, ಅಪರ್ಚರ್ (ಲೆನ್ಸಿನಾಗ ಬೆಳಕು ಬರೋ ಕಿಂಡಿ) ಬದಲಾಗ್ತಿಲ್ಲ. ರಿಂಗ್ ಎಷ್ಟು ತಿರುವಿದ್ರೂ ಫೋಕಸ್ ಕೂಡ್ತಿಲ್ಲ. ಒಂದೆರಡು ಚಿತ್ರದಾಗ ಮೊಟ್ಟಿಯ ಒಂದು ಅಂಚು ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಕರಗಿದಂಗ. ಅಂಗಡಿಯವರು ಲೆನ್ಸ್ ಕೆಟ್ಟದ, ರಿಪೇರಿಗೆ ಕೊಡ್ರಿ ಅಂತಾರ. ಏನ್ ಮಾಡ್ಲಿ?

ಶಹಾಪುರದಿಂದ:
ರಿಪೇರಿಗೆ ಕೊಡಬ್ಯಾಡ್ರಿ. ಟ್ಯೂಬ್ ತೆಗೆದು ಬರೇ ಲೆನ್ಸ್ ಹಾಕಿ ನೋಡ್ರಿ, ಎಫ್ ನಂಬರ್ (ಕಿಂಡಿಯ ಅಳತಿ, ನಂಬರ್ ಹೆಚ್ಚಾದಂಗ ಕಿಂಡಿ ಸಣ್ಣದು) ಬಂತಂದ್ರ ಲೆನ್ಸ್ ಛಲೋ ಅದ. ಟ್ಯೂಬಿನ ಬಾಯಿಗೆ ಬಂಗಾರ ಬಣ್ಣದ ಸಣ್ಣ ಪಿನ್ ಅವೇನು?

ತೊಗರಿ ಹೊಲ, ಆಳಂದ:
ಬರೇ ಲೆನ್ಸಿಗೆ 2.8 ಬರ್ತದ್ರಿ. ಟ್ಯೂಬಿಗೆ ಪಿನ್ ಒಂದೂ ಇಲ್ಲ, ಖಾಲಿ ಅಲ್ಯೂಮಿನಿಯಂ ಬಳಿ ಅದು.

ಬಿದ್ರಿ ಕೆಲಸ, ಬೀದರ:
ಅಲ್ಲೇ ಅದ ನೋಡ್ರಿ ರೋಗ. ಕ್ಯಾನನ್ ಲೆನ್ಸಿನ ಅಪರ್ಚರ್ ವಿದ್ಯುತ್ತಿನಿಂದ ನಡೀತದ. ಪಿನ್ ಇಲ್ಲದ ಟ್ಯೂಬ್ ನಡುವೆ ಬಂದ್ರ ಕ್ಯಾಮೆರಾಕ್ಕ ಲೆನ್ಸ್ ಕಾಣೋದೇ ಇಲ್ಲ, ಅಪರ್ಚರ್ ಪೂರ್ತಿ ತೆರೆದು 2.8ರಾಗ ನಿಂತುಬಿಡ್ತದ. ಮೂರೂ ಟ್ಯೂಬ್ ಸೇರಿ 68 ಎಂಎಂ, ಅದನ್ನ ಲೆನ್ಸಿನ 100ರಿಂದ ಭಾಗಿಸಿದ್ರ 0.68; 1:1ರ ಮೊದಲಿನ 1 ಕೂಡಿಸಿದ್ರ ಸುಮಾರು 1.7 ಪಟ್ಟು. ನಿಮ್ಮದು ಒಳಗೇ ಫೋಕಸ್ ಆಗುವ ಲೆನ್ಸ್, ಹತ್ರ ಬಂದಂಗ ಅದರ ಫೋಕಲ್ ಲೆಂತ್ (ಆ 100 ಎಂಎಂ) ಕಡಿಮಿ ಆಗ್ತದ, ಹಂಗಾಗಿ ಇನ್ನೂ ಜಾಸ್ತಿನೇ ಸಿಗ್ತದ. ಇಷ್ಟು ದೊಡ್ಡದು ಮಾಡಿದಾಗ 2.8ರಾಗ ಸ್ಪಷ್ಟ ಕಾಣೋದು 0.1 ಮಿಲಿಮೀಟರ್, ನಿಮ್ಮ ಮೊಟ್ಟಿಯ ಐದನೇ ಒಂದು ಪಾಲು! ಎಫ್ 8ಕ್ಕ ತಂದ್ರ 0.3ರ ಹತ್ರ ಬರ್ತದ.

ಪಿನ್ ಇರೋ ಟ್ಯೂಬ್ ತಗೊಂಡ್ರ ಛಲೋ. ಅಲ್ಲಿತನಕ ಹಿಂಗ ಮಾಡ್ರಿ: ಲೆನ್ಸ್ ನೇರವಾಗಿ ಕ್ಯಾಮೆರಾಕ್ಕ ಹಾಕಿ, ಎವಿ ಮೋಡಿನಾಗ (ಅಪರ್ಚರ್ ನಾವೇ ಆರಿಸೋದು) ಎಫ್ 8 ಇಡ್ರಿ. ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ (ಕಿಂಡಿಯನ್ನ ಆರಿಸಿದ ಅಳತಿಗೆ ಮುಚ್ಚೋದು) ಒತ್ತಿ ಹಿಡಕೊಂಡೇ ಲೆನ್ಸ್ ತಿರುವಿ ಬಿಚ್ಚರಿ. ಹಿಂದಿನಿಂದ ನೋಡಿದ್ರ ಕಿಂಡಿಯ ಬ್ಲೇಡ್ ಮುಚ್ಚಿದ್ದು ಕಾಣಬೇಕು. ಆಮ್ಯಾಲ ಟ್ಯೂಬ್ ಹಾಕ್ರಿ. 11, 16 ಅಂತ ಆಸೆ ಪಡಬ್ಯಾಡ್ರಿ. ಈ ದೂರಕ್ಕ 8 ಅನ್ನೋದು ಆಗ್ಲೇ 21ರಂಗ ವರ್ತಿಸ್ತದ, ಇನ್ನೂ ಮುಚ್ಚಿದ್ರ ಡಿಫ್ರಾಕ್ಷನ್ ಬಂದು, ಅಂದ್ರ ಸಣ್ಣ ಕಿಂಡಿಯಾಗ ಬೆಳಕು ಹರಡಿ, ಎಲ್ಲಾ ಮೆತ್ತಗ ಆಗ್ತದ.

ಫೋಕಸ್ ರಿಂಗ್ ಮರೆತುಬಿಡ್ರಿ. ಅದನ್ನ 1:1ಕ್ಕೇ ಬಿಟ್ಟು ಕ್ಯಾಮೆರಾನೇ ಹಿಂದ ಮುಂದ ಸರಿಸಬೇಕು, ಕೂದಲೆಳಿಯಷ್ಟು. ಟ್ಯೂಬ್ ಇಲ್ಲದ 1:1ರಾಗ ಲೆನ್ಸಿನ ಮೂತಿಯಿಂದ ವಸ್ತುವಿಗೆ 15 ಸೆಂಟಿಮೀಟರ್, ಈಗ ಅದಕ್ಕಿಂತ ಹತ್ರ ಹೋಗ್ರಿ. ನಾ ಬಿದ್ರಿ ಹೂಜಿ ಮ್ಯಾಲಿನ ಬೆಳ್ಳಿ ತಂತಿ ತೆಗಿಲಾಕ ಇದೇ ಟ್ಯೂಬ್ ಬಳಸ್ತೀನಿ. ಸತುವಿನ ಮೈ ಕೋಟೆ ಮಣ್ಣಿನಿಂದ ಕಪ್ಪಗಾದ ಮ್ಯಾಲ ಬೆಳ್ಳಿ ಗೆರೆ ಹ್ಯಾಂಗ ಹೊಳೀತದ ಅಂದ್ರ, ನೇರ ಫ್ಲ್ಯಾಶ್ ಹೊಡದ್ರ ಬರೇ ಬಿಳಿ ಕಲೆ ಉಳೀತದ. ಅದಕ್ಕ ಫ್ಲ್ಯಾಶ್ ಮುಂದ ಪ್ಯಾಕಿಂಗಿನ ಬಿಳಿ ಫೋಮ್ ಎರಡು ಪದರ ಕಟ್ಟೀನಿ. ನಿಮಗೂ ಫ್ಲ್ಯಾಶ್ ಬೇಕೇ ಬೇಕು, ಇಷ್ಟು ದೊಡ್ಡದು ಮಾಡಿದಾಗ ಒಟ್ಟು ಮೂರು ಸ್ಟಾಪಿನಷ್ಟು (ಒಂದೊಂದು ಸ್ಟಾಪಿಗೆ ಅರ್ಧ) ಬೆಳಕು ಹೋಗ್ತದ.

ಶಹಾಪುರದಿಂದ:
ಗಾಳಿಗೆ ಹೂವು ಅಲುಗಾಡಿದ್ರ ಇದ್ಯಾವುದೂ ನಡಿಯೋದಿಲ್ರಿ. ಮೊಟ್ಟಿ ಇರೋ ಟೊಂಗಿ ಒಂದು ಕತ್ತರಿಸಿ ನೀರಿನ ಬಾಟಲಿಯಾಗ ಇಟ್ಟು ಮನಿಯಾಗ ತೆಗೀರಿ. ಟ್ಯೂಬ್ ಬದಲಿಸೋದೂ ಒಳಗೇ ಮಾಡ್ರಿ, ಎರಿ ಹೊಲದ ಧೂಳು ಸೆನ್ಸರಿಗೆ ಕೂತ್ರ ಬಿಡೋದಿಲ್ಲ.

ತೊಗರಿ ಹೊಲ, ಆಳಂದ:
ಬೀದರ ಅಣ್ಣಾರ, ಎಫ್ 8 ನಿಂತ್ತು! ಟಾರ್ಚ್ ಹಿಡಿದು ಲೈವ್ ವ್ಯೂದಾಗ (ಹಿಂದಿನ ಪರದೆ ನೋಡಿಕೋತ) ಕ್ಯಾಮೆರಾ ಸರಿಸಿ ತೆಗದೀನಿ, ಮೊಟ್ಟಿ ಪೂರ್ತಿ ಗುಂಡಗ ಕಾಣ್ತದ. ಆದ್ರ ಚಿತ್ರದ ನಡುವೆ ಮಂಜು ಕವಿದಂಗ ಬೆಳ್ಳಗ ಒಂದು ಮಚ್ಚೆ ಬರ್ಲಾಕತ್ತದ.

ಬಿದ್ರಿ ಕೆಲಸ, ಬೀದರ:
ಟ್ಯೂಬಿನ ಒಳಗಿನ ಗೋಡೆ ಹೊಳೀತಾ ಇರಬೇಕು. ಬೆಳಕು ಅಲ್ಲಿ ಬಡದು ಸೆನ್ಸರಿಗೆ ಬೀಳ್ತದ. ಕರಿ ಮಖಮಲ್ ಬಟ್ಟಿ ಕತ್ತರಿಸಿ ಒಳಗ ಅಂಟಿಸ್ರಿ. ಎಳಿ ಉದುರದಂಗ ಅಂಚಿಗೆ ಅಂಟು ಹಚ್ಚರಿ, ಮೌಂಟಿನ ಬಾಯಿಗೆ ಬಟ್ಟಿ ಬರಬಾರ್ದು.

ತೊಗರಿ ಹೊಲ, ಆಳಂದ:
ಮಚ್ಚೆ ಹೋಯ್ತು. ಹಳದಿ ಬಿಳುಪಿನ ಮೊಟ್ಟಿ, ಮ್ಯಾಲಿಂದ ಕೆಳಗ ಇಳಿದ ಸಣ್ಣ ಸಣ್ಣ ಏಣು ಎಣಿಸಲಾಕ ಬರ್ತಾವ. ಪಕ್ಕದ ಮೊಗ್ಗಿನ ಮ್ಯಾಲ ಇನ್ನೊಂದು ಮೊಟ್ಟಿ ಕಂದು ಬಣ್ಣಕ್ಕ ತಿರುಗ್ಯದ, ಅಂದ್ರ ಹುಳ ಹೊರಗ ಬರೋ ಹೊತ್ತು. ಇವತ್ತು ರಾತ್ರಿ ಅದನ್ನೂ ತೆಗದು ಎರಡೂ ಚಿತ್ರ ನಾಳೆ ಮುಂಜಾನಿ ಹೊಲದ ಬದುವಿನ ಮ್ಯಾಲೇ ಎಲ್ಲಾರಿಗೂ ತೋರಿಸ್ತೀನಿ.