‘ಗಾಳಿಮರೆಯ ದಡ’ ಅಂದರೆ ಆಸರೆಯೋ, ಅಪಾಯವೋ?

ಗೆಳೆಯರೇ, ನಮಸ್ಕಾರ.

ಒಂದೇ ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಹೋದಂತೆ ಅದರ ಬಾಲ ಹಿಡಿದು ಇನ್ನೂ ನಾಲ್ಕಾರು ಬಂದವು. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ನನಗೆ ಪರಿಚಯದ ಗಂಡ ಹೆಂಡತಿ ತಮ್ಮದೇ ಹಾಯಿದೋಣಿಯಲ್ಲಿ, ದಡದ ಗುಂಟ 9 ದಿನ ಸಾಗಿ ಊರಿಗೆ ಮರಳಿದರು. ದೋಣಿಯಲ್ಲಿ ಇದ್ದದ್ದು ಅವರಿಬ್ಬರೇ. ಪಾಳಿ ಮುಗಿದಾಗಲೆಲ್ಲ ಒಬ್ಬೊಬ್ಬರು ಇಂಗ್ಲಿಷಿನಲ್ಲಿ ಎರಡು ಮೂರು ಸಾಲು ಬರೆದಿಟ್ಟಿದ್ದಾರೆ. ಆ ದಿನಚರಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಯಿ, ಚುಕ್ಕಾಣಿ, ಲಂಗರು, ಉಬ್ಬರ, ಇಳಿತ ಎಲ್ಲ ನಮ್ಮಲ್ಲಿ ಇವೆಯಲ್ಲ, ಇದೇನು ಮಹಾ ಅಂದುಕೊಂಡು ಶುರುಮಾಡಿದೆ. ಹೆಸರುಪದಗಳು ನಿಜಕ್ಕೂ ಕಷ್ಟ ಕೊಡಲಿಲ್ಲ. ಕಾಡಿದ್ದು ದಿಕ್ಕಿನ ಪದಗಳು.

ಮೂರನೆಯ ರಾತ್ರಿ ಆಕೆ ಬರೆದ ಸಾಲು ಇದು: ‘ಗಾಳಿ ಜೋರಾಯಿತು. ಲೀ ಶೋರ್‌ನಿಂದ ಆದಷ್ಟು ದೂರ ಇದ್ದೇವೆ.’ ‘ಲೀ’ ಅಂದರೆ ಗಾಳಿಯ ಮರೆ ಅಂತ ನನಗೆ ಗೊತ್ತಿತ್ತು. ಹಿಂದಿನ ದಿನವೇ ಅವರು ಒಂದು ದ್ವೀಪದ ‘ಲೀ’ಯಲ್ಲಿ ಲಂಗರು ಹಾಕಿ ಮಲಗಿದ್ದರು. ಅದನ್ನು ‘ದ್ವೀಪದ ಮರೆಯಲ್ಲಿ’ ಅಂತ ಬರೆದು ಖುಷಿಪಟ್ಟಿದ್ದೆ. ಅದೇ ಜಾಡಿನಲ್ಲಿ ಲೀ ಶೋರ್ ಅನ್ನು ‘ಗಾಳಿಮರೆಯ ದಡ’ ಅಂತ ಮಾಡಿದೆ. ಓದಿ ನೋಡಿದಾಗ ಅನುಮಾನ ಬಂತು. ಗಾಳಿಗೆ ಮರೆಯಾದ ದಡ ಇದ್ದರೆ ಜೋರು ಗಾಳಿಯಲ್ಲಿ ಅಲ್ಲಿಗೇ ಹೋಗಬೇಕು, ಅಲ್ವಾ? ಇವರು ಯಾಕೆ ಅದರಿಂದ ದೂರ ಓಡುತ್ತಿದ್ದಾರೆ?

ಕೇಳಿದೆ. ಆಕೆ ನಕ್ಕುಬಿಟ್ಟರು. ಲೀ ಶೋರ್ ಅಂದರೆ ಕಡಲಿನವರು ತುಂಬಾ ಹೆದರುವ ದಡವಂತೆ. ಗಾಳಿ ಕಡಲಿನಿಂದ ಅದರ ಕಡೆಗೆ ಬೀಸುತ್ತಿರುತ್ತದೆ. ಇಂಜಿನ್ ಕೈಕೊಟ್ಟರೆ, ಹಾಯಿ ಹರಿದರೆ, ಗಾಳಿಯೇ ದೋಣಿಯನ್ನು ಕೊಂಡೊಯ್ದು ಆ ದಡದ ಬಂಡೆಗೆ ಬಡಿಯುತ್ತದೆ. ಅಲ್ಲಿ ಮರೆ ಅನ್ನುವುದೇ ಇಲ್ಲ.

ಒಂದೇ ಪದ ಹೀಗೆ ತಿರುಗಿ ಬೀಳುವುದು ಯಾಕೆ? ನನಗೆ ಹೊಳೆದದ್ದು ಇಷ್ಟು. ಇಂಗ್ಲಿಷಿನವನು ನಿಂತು ನೋಡುವ ಜಾಗ ಬದಲಾಗುತ್ತದೆ. ‘ದ್ವೀಪದ ಲೀ’ ಅನ್ನುವಾಗ ಅವನು ದ್ವೀಪದಿಂದ ಅಳೆಯುತ್ತಾನೆ, ಗಾಳಿ ದ್ವೀಪ ದಾಟಿ ಹೋಗುವ ಕಡೆ ಅದು. ‘ಲೀ ಶೋರ್’ ಅನ್ನುವಾಗ ದೋಣಿಯಿಂದ ಅಳೆಯುತ್ತಾನೆ, ಗಾಳಿ ದೋಣಿ ದಾಟಿ ಹೋಗುವ ಕಡೆ ಇರುವ ದಡ. ಅವನಿಗೆ ಎರಡೂ ಗಾಳಿ ಹೋಗುವ ದಿಕ್ಕೇ. ನಮ್ಮ ‘ಮರೆ’ಗೆ ಈ ಸೌಲಭ್ಯ ಇಲ್ಲ. ಮರೆ ಅಂದಕೂಡಲೇ ಯಾವುದೋ ಒಂದರ ಹಿಂದೆ ನಾವು ಸುಖವಾಗಿ ನಿಂತ ಚಿತ್ರವೇ ಬರುತ್ತದೆ. ಹಾಗಾಗಿ ‘ಗಾಳಿಮರೆಯ ದಡ’ ಬರೀ ತಪ್ಪಲ್ಲ, ದೋಣಿ ಮುಳುಗಿಸುವ ತಪ್ಪು. ಎಷ್ಟು ಚೆಂದ ಕೇಳಿಸುತ್ತದೋ ಅಷ್ಟೂ ಅಪಾಯ.

ಸದ್ಯಕ್ಕೆ ‘ಗಾಳಿ ನೂಕುವ ದಡ’ ಅಂತ ಬರೆದಿದ್ದೇನೆ. ‘ಗಾಳಿಗೆ ಮೊಗವೊಡ್ಡಿದ ದಡ’ ಅನ್ನುವುದೂ ಸರಿಯೇ, ಆದರೆ ಅದರಲ್ಲಿ ಭಯ ಇಲ್ಲ. ಕೇಳಿದರೆ ಸಂಜೆ ವಾಯುವಿಹಾರಕ್ಕೆ ಒಳ್ಳೆಯ ಜಾಗ ಅನ್ನಿಸುತ್ತದೆ. ಮೀನುಗಾರಿಕೆಯ ಮನೆತನದವರು ಈ ಗುಂಪಿನಲ್ಲಿ ಇದ್ದರೆ ಹೇಳಿ, ಇಂಥ ದಡಕ್ಕೆ ನಿಮ್ಮ ಹಿರಿಯರು ಏನೆನ್ನುತ್ತಿದ್ದರು? ನನಗೆ ಕಟ್ಟಿದ ಪದಕ್ಕಿಂತ ಆಡಿದ ಪದ ಬೇಕು.

ಇಂಥದ್ದೇ ಇನ್ನೊಂದು ಉರುಳು ‘ಟ್ಯಾಕ್’. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಸ್ವಲ್ಪ ದೂರ ಹೋಗಿ, ಮೂತಿ ತಿರುಗಿಸಿ, ಇನ್ನೊಂದು ಓರೆಯಲ್ಲಿ ಸ್ವಲ್ಪ ದೂರ ಹೋಗಬೇಕು. ಹೀಗೆ ತಿರುಗಿಸುವುದೇ ಟ್ಯಾಕ್. ಪ್ರತಿ ಸಲ ತಿರುಗಿಸಿದಾಗಲೂ ವಾಲಿದ್ದ ದೋಣಿ ಇನ್ನೊಂದು ಬದಿಗೆ ವಾಲುತ್ತದೆ. ಒಂದು ರಾತ್ರಿ ಆತ ಹೇಳದೆ ತಿರುಗಿಸಿದ್ದಕ್ಕೆ, ಒಳಗೆ ಮಲಗಿದ್ದ ಆಕೆ ಹಾಸಿಗೆಯಿಂದ ಉರುಳಿ ಕೆಳಗೆ ಬಿದ್ದರಂತೆ. ಆ ದಿನ ದಿನಚರಿಯಲ್ಲಿ ಆಕೆಯ ಸಾಲು ಬಹಳ ಚಿಕ್ಕದು. ಇದನ್ನು ಓದಿದಾಗಲೇ ನನಗೆ ‘ಮಗ್ಗುಲು ಬದಲಿಸು’ ಹೊಳೆದದ್ದು. ದೋಣಿ ಮಗ್ಗುಲು ಬದಲಿಸಿತು. ಎಷ್ಟು ಸಹಜ!

ಆದರೆ ಇದೂ ಕೈಕೊಟ್ಟಿತು. ಗಾಳಿ ಯಾವ ಬದಿಯಿಂದ ಬರುತ್ತಿದೆ ಅನ್ನುವ ಸ್ಥಿತಿಗೂ ಇಂಗ್ಲಿಷಿನಲ್ಲಿ ಟ್ಯಾಕ್ ಅಂತಲೇ ಹೆಸರು. ‘ಪೋರ್ಟ್ ಟ್ಯಾಕ್’ ಅಂದರೆ ಗಾಳಿ ದೋಣಿಯ ಎಡಬದಿಗೆ ಬಡಿಯುತ್ತಿದೆ ಅಂತ. ಆಗ ದೋಣಿ ವಾಲುವುದು ಬಲಕ್ಕೆ. ಕನ್ನಡದಲ್ಲಿ ‘ಎಡಮಗ್ಗುಲಾಗಿ’ ಅಂದರೆ ಎಡಬದಿ ಕೆಳಗೆ, ಮಲಗುವಾಗ ಹೇಳುವ ಹಾಗೆ. ಪೂರ್ತಿ ಉಲ್ಟಾ. ಇದು ಸುಮ್ನೆ ಪದದ ಜಗಳವಲ್ಲ. ಹಡಗುಗಳು ಡಿಕ್ಕಿಯಾಗದಂತೆ 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಎರಡು ಹಾಯಿದೋಣಿಗಳು ಎದುರಾಗಿ, ಎರಡಕ್ಕೂ ಬೇರೆ ಬೇರೆ ಬದಿಯ ಗಾಳಿ ಇದ್ದರೆ, ಎಡದಿಂದ ಗಾಳಿ ಪಡೆಯುವ ದೋಣಿ ದಾರಿ ಬಿಡಬೇಕು. ಮಗ್ಗುಲು ತಪ್ಪಿದರೆ ದಾರಿಯೂ ತಪ್ಪಿತು. ಹಾಗಾಗಿ ತಿರುಗಿಸುವ ಕೆಲಸಕ್ಕೆ ‘ಮಗ್ಗುಲು ಬದಲಿಸು’ ಉಳಿಸಿಕೊಂಡು, ಸ್ಥಿತಿಗೆ ‘ಎಡಗಾಳಿ’, ‘ಬಲಗಾಳಿ’ ಅಂತ ಬರೆಯುತ್ತಿದ್ದೇನೆ. ಒಂದು ಇಂಗ್ಲಿಷ್ ಪದಕ್ಕೆ ಎರಡು ಕನ್ನಡ ಪದ. ನನಗೇನೂ ಬೇಜಾರಿಲ್ಲ, ನಿಮಗೆ?

ಗಾಳಿ ಮತ್ತು ನೀರಿನ ಲೆಕ್ಕವೂ ಹೀಗೇ. ಪಡುವಣ ಗಾಳಿ ಅಂದರೆ ಪಡುವಣದಿಂದ ಬರುವ ಗಾಳಿ. ಕಡಲಿನವರ ಮಾತಿನಲ್ಲಿ ಪಡುವಣ ಪ್ರವಾಹ ಅಂದರೆ ಪಡುವಣಕ್ಕೆ ಹೋಗುವ ನೀರು. ಗಾಳಿಗೆ ಬಂದ ದಿಕ್ಕಿನ ಹೆಸರು, ನೀರಿಗೆ ಹೋಗುವ ದಿಕ್ಕಿನ ಹೆಸರು. ಇಲ್ಲಿ ನಮ್ಮ ವಿಭಕ್ತಿ ಕೈಹಿಡಿಯುತ್ತದೆ. ‘ಪಡುವಣದಿಂದ ಗಾಳಿ, ಪಡುವಣಕ್ಕೆ ಸೆಳೆತ’ ಅಂದರೆ ಮುಗಿಯಿತು.

‘ನಾಟ್’ಗೆ ಮಾತ್ರ ನಾನು ಕನ್ನಡ ಹುಡುಕಿಲ್ಲ. ಹಿಂದೆ ಹಗ್ಗಕ್ಕೆ ಸಮ ಅಂತರದಲ್ಲಿ ಗಂಟು ಹಾಕಿ, ತುದಿಗೆ ಮರದ ತುಂಡು ಕಟ್ಟಿ ನೀರಿಗೆ ಬಿಟ್ಟು, ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಅಂತ ಎಣಿಸಿ ವೇಗ ತಿಳಿಯುತ್ತಿದ್ದರು. ಹಾಗಾಗಿ ‘ಗಂಟು’ ಅನ್ನಬಹುದು. ಆದರೆ ‘ಗಂಟೆಗೆ ಐದು ಗಂಟು’ ಅಂತ ಬರೆದರೆ ನಾಲಿಗೆಗೇ ಗಂಟು. ಮೇಲಾಗಿ ಅದು ತಪ್ಪು ಕೂಡ. ಒಂದು ನಾಟ್ ಅಂದರೇನೇ ಗಂಟೆಗೆ ಒಂದು ಕಡಲಮೈಲಿ, ಅಂದರೆ 1852 ಮೀಟರ್. ಮತ್ತೆ ‘ಗಂಟೆಗೆ’ ಸೇರಿಸುವ ಹಾಗಿಲ್ಲ.

ಕ್ರಿಯಾಪದದ ಬಗ್ಗೆ ಒಂದು ಮಾತು. ‘ಹಾಯಿ’ ಇದೆ, ‘ಹೊಳೆ ಹಾಯ್ದರು’ ಅನ್ನುವ ‘ಹಾಯು’ ಕೂಡ ಇದೆ. ಇವೆರಡೂ ನೆಂಟರು ಅಂತ ಮೊದಲು ನಂಬಿದ್ದೆ, ಈಗ ಅಷ್ಟು ಧೈರ್ಯವಿಲ್ಲ. ತಮಿಳಿನಲ್ಲಿ ‘ಪಾಯ್’ ಅಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಚಾಪೆಯ ಹಾಗೆ ಹೆಣೆದ ಹಾಯಿಗಳು ಲೋಕದ ಹಲವೆಡೆ ಇದ್ದವು. ಪಾಲು ಹಾಲಾದಂತೆ ಪಾಯ್ ಹಾಯಿ ಆಗಿರಬೇಕು. ನಾನಂತೂ ‘ಹಾಯಿಯಲ್ಲಿ ಬಂದೆವು’, ‘ಇಂಜಿನ್ ಹಾಕಿಕೊಂಡು ಬಂದೆವು’ ಅಂತ ಬೇರೆ ಬೇರೆ ಮಾಡಿ ಬರೆಯುತ್ತಿದ್ದೇನೆ. ಹಾಯಿ ಬಿಚ್ಚಿದ್ದರೂ ಇಂಜಿನ್ ತಳ್ಳುತ್ತಿದ್ದರೆ ನಿಯಮದ ಕಣ್ಣಿಗೆ ಅದು ಹಾಯಿದೋಣಿ ಅಲ್ಲ, ಯಂತ್ರದ ದೋಣಿ.

ಕೊನೆಯದು ‘ಹೋಂ ಪೋರ್ಟ್’. ‘ತವರು ಬಂದರು’ ಅಂತ ಯಾರೋ ಸೂಚಿಸಿದರು. ದೋಣಿಗೆ ತವರು ಅಂದರೆ ಅದನ್ನು ಕಟ್ಟಿದ ಜಾಗ ಆಗಬೇಕು, ಅದು ಬಂದು ನೆಲೆ ನಿಂತ ಜಾಗ ಅಲ್ಲ. ಗಂಡ ಹೆಂಡತಿ ಇಬ್ಬರಿಗೂ ಒಂದೇ ತವರು ಅಂದರೆ ಇನ್ನೂ ಫಜೀತಿ. ‘ನೆಲೆಬಂದರು’ ಅಂತ ಇಟ್ಟುಕೊಂಡಿದ್ದೇನೆ.

ದಿನಚರಿಯ ಕೊನೆಯ ಸಾಲಿನಲ್ಲಿ ಆತ ಬರೆದದ್ದು ಒಂದೇ ಪದ, ‘ಹೋಂ’. ಬಸ್ಸಿನಲ್ಲಿ ಕೂತವರು ‘ಊರು ಬಂತು’ ಅನ್ನುವ ಹಾಗೆ ಬರೆಯೋಣ ಅಂತ ಹೊರಟೆ. ‘ಬಂದರು ಬಂತು’ ಅಂತಾಯಿತು. ಮರುದಿನ ನನ್ನ ಟಿಪ್ಪಣಿಯಲ್ಲಿ ‘ಬಂದರಿಗೆ ಬಂದರು’ ಅಂತ ಒಂದು ಸಾಲು ಸಿಕ್ಕಿತು. ಬರೆದದ್ದು ನಾನೇ, ಓದಿ ನಗು ಬಂತು. ಬಂದರಿನ ಬದಲು ‘ರೇವು’ ಹಾಕಬಹುದೇ? ಅಥವಾ ನಗು ಬಂದರೂ ಪರವಾಗಿಲ್ಲ ಅಂತ ಹಾಗೇ ಬಿಡಲೇ?